ಶ್ರಾವಣಕ್ಕ ಅಂಗಡ್ಯಾಗ ಯಾವ ಹಾಡು ಹಚ್ಚೋದು? ಸಿನಿಮಾ ಬಿಟ್ಟು ಕೇಳಬೇಕಾದ ನಮ್ಮ ಹಾಡುಗಳು ಇಲ್ಲಿವೆ

ಲಕ್ಕುಂಡಿ: ಶ್ರಾವಣ ಬಂತಂದ್ರ ನಮ್ಮ ಕಡೆ ಕಿವಿಗೆ ಬಿಡುವು ಇರಂಗಿಲ್ಲ. ಮುಂಜಾನೆ ಗುಡಿಯ ಮೈಕಿನಲ್ಲಿ ವಚನ. ಅಂಗಡಿ ಶಟರ್ ಎತ್ತಿದ ಕೂಡಲೇ ಭಕ್ತಿಗೀತೆ. ಹೊತ್ತು ಏರಿದಂತೆ ಹೆಸರಿನ ಚೀಲ ಹೇರಿಕೊಂಡು ಗದಗ ಎಪಿಎಂಸಿ ಕಡೆ ಹೊರಟ ಟ್ರ್ಯಾಕ್ಟರಿನ ಟೇಪಿನಲ್ಲಿ ಜಾನಪದ. ಸಂಜೆ ಭಜನೆ. ನಡುವೆ ಪಂಚಮಿ, ವರಮಹಾಲಕ್ಷ್ಮಿ, ಅದರ ಬೆನ್ನಿಗೇ ಗಣಪತಿ. ಗದಗ-ಬೆಟಗೇರಿಯ ಬಟ್ಟೆ ಅಂಗಡಿ ಇರಲಿ, ಮುಂಡರಗಿಯ ಮೊಬೈಲ್ ಅಂಗಡಿ ಇರಲಿ, ಲಕ್ಕುಂಡಿ ಸ್ಟ್ಯಾಂಡಿನ ಚಾದಂಗಡಿ ಇರಲಿ, ಈ ಎರಡು ತಿಂಗಳು ಹಾಡು ಬಂದ್ ಆಗೋದೇ ಇಲ್ಲ.

ಆದರೆ ಒಂದು ವಾರ ಗಮನ ಇಟ್ಟು ಕೇಳಿ ನೋಡ್ರಿ. ಅವೇ ಇಪ್ಪತ್ತು-ಮೂವತ್ತು ಹಾಡು ತಿರುಗಿ ತಿರುಗಿ ಬರತಾವ. ಯಾರು ಹಾಡಿದ್ದು, ಯಾರು ಬರೆದದ್ದು ಎಂಬುದು ಹಚ್ಚಿದವರಿಗೇ ಗೊತ್ತಿರೋದಿಲ್ಲ. ಯೂಟ್ಯೂಬ್ ಒಂದಾದ ಮ್ಯಾಲೊಂದು ತಾನೇ ಹಚ್ಚತೈತಿ, ನಾವು ಕೇಳತೀವಿ. ಹಿಂಗಾಗಿ ಈ ಸಲ ಸಿನಿಮಾ ಹಾಡು ಬದಿಗಿಟ್ಟು ಬೇರೆ ಏನೇನು ಕೇಳಬಹುದು, ಅವುಗಳ ಹಿಂದೆ ಯಾರಿದ್ದಾರೆ, ನಾವು ಹಚ್ಚಿದ ಹಾಡಿನಿಂದ ಅವರ ಕೈಗೆ ಏನಾದರೂ ಹೋಗತೈತೋ ಇಲ್ಲೋ ಅಂತ ಹೇಳೋ ಪ್ರಯತ್ನ ಇದು. ಕಡೆಗೆ ಅಂಗಡಿಕಾರರಿಗೆ ಬೇಕಾದ ಕಾನೂನಿನ ಮಾತೂ ಎರಡು ಇವೆ. ಅದನ್ನು ಬಿಟ್ಟು ಓದಬ್ಯಾಡ್ರಿ.

ಇಂಡಿ ಅಂದ್ರ ಇಂಡಿ ತಾಲೂಕಲ್ಲ

ಬೆಂಗಳೂರಿನ ಹುಡುಗರು ‘ಇಂಡಿ ಮ್ಯೂಸಿಕ್’ ಅಂತಾರೆ. ನಮಗೆ ಇಂಡಿ ಅಂದ ಕೂಡಲೇ ವಿಜಯಪುರ ಜಿಲ್ಲೆಯ ಲಿಂಬಿಕಾಯಿ ನೆನಪಾಗತೈತಿ. ಅದಲ್ಲ ಇದು. ಇಂಡಿಪೆಂಡೆಂಟ್ ಅನ್ನೋದನ್ನ ಮೊಟಕು ಮಾಡಿ ಇಂಡಿ ಅಂದಿದ್ದಾರೆ. ಸಿನಿಮಾ ಹಾಡಿಗೆ ನಿರ್ಮಾಪಕ ದುಡ್ಡು ಹಾಕತಾನ, ಆಡಿಯೋ ಕಂಪನಿ ಹಕ್ಕು ಕೊಳ್ಳತೈತಿ, ಹಾಡುವವರು ತಮ್ಮ ಸಂಭಾವನೆ ತಗೊಂಡು ಹೋಗತಾರ. ಇಂಡಿ ಹಾಡಿನಲ್ಲಿ ಹಾಗಲ್ಲ. ಬರೆಯೋನು, ರಾಗ ಹಾಕೋನು, ಸ್ಟುಡಿಯೋ ಬಾಡಿಗಿ ಕೊಡೋನು, ಬಿಡುಗಡೆ ಮಾಡೋನು ಎಲ್ಲ ಹೆಚ್ಚುಕಡಿಮೆ ಒಬ್ಬನೇ, ಇಲ್ಲವೇ ನಾಲ್ಕು ಮಂದಿ ಗೆಳೆಯರು.

ಈ ಅಳತೆಗೋಲು ಹಿಡಿದು ನೋಡಿದರೆ ನಮ್ಮ ಟ್ರ್ಯಾಕ್ಟರಿನ ಜಾನಪದ ಹಾಡು ಸಹ ಇಂಡಿ ಸಂಗೀತವೇ. ಹಳ್ಳಿಯ ಹುಡುಗನೊಬ್ಬ ಹಾಡು ಕಟ್ಟತಾನ, ಸಣ್ಣ ಸ್ಟುಡಿಯೋದಲ್ಲಿ ಟ್ರ್ಯಾಕ್ ಮಾಡಿಸತಾನ, ಗೆಳೆಯರನ್ನು ನಿಲ್ಲಿಸಿ ಹೊಲದಾಗ, ಕೆರಿ ದಂಡ್ಯಾಗ ವಿಡಿಯೋ ತೆಗೀತಾನ, ತನ್ನದೇ ಚಾನೆಲ್ಲಿಗೆ ಹಾಕತಾನ. ನಿರ್ಮಾಪಕ ಇಲ್ಲ, ಕಂಪನಿ ಇಲ್ಲ. ಪತ್ರಿಕೆಗಳು ಕನ್ನಡ ಇಂಡಿ ಅಂತ ಬರೆಯುವಾಗ ಗಿಟಾರ್ ಹಿಡಿದ ಬ್ಯಾಂಡಿನ ಫೋಟೋ ಹಾಕತಾರ, ಗದಗ-ಬಾಗಲಕೋಟೆ-ಬೆಳಗಾವಿ ಕಡೆಯ ಈ ಹುಡುಗರನ್ನ ಲೆಕ್ಕಕ್ಕೇ ಹಿಡಿಯಂಗಿಲ್ಲ. ನನ್ನ ಮಟ್ಟಿಗೆ ಅದು ತಪ್ಪು. ಕೇಳುಗರ ಸಂಖ್ಯೆ ನೋಡಿದರೆ ಕನ್ನಡದ ದೊಡ್ಡ ಇಂಡಿ ಸಂಗೀತ ಇರೋದು ನಮ್ಮ ಕಡೆಯೇ.

ಇದೇನು ಯೂಟ್ಯೂಬ್ ಬಂದ ಮೇಲೆ ಹುಟ್ಟಿದ್ದೂ ಅಲ್ಲ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂದಾಗಲೇ ಸಿನಿಮಾ ಹೊರಗಿನ ಕನ್ನಡ ಹಾಡಿಗೂ ಮಾರುಕಟ್ಟೆ ಇದೆ ಎಂದು ತಿಳಿಯಿತು. ನಮ್ಮ ಕಡೆ ಗುರುರಾಜ ಹೊಸಕೋಟಿಯವರ ಜಾನಪದ ಕ್ಯಾಸೆಟ್ ಇಲ್ಲದ ಟ್ರ್ಯಾಕ್ಟರ್, ಲಾರಿ ಇರಲಿಲ್ಲ ಅಂದರೂ ನಡೀತೈತಿ. ಆಮೇಲೆ ಸಿಡಿ, ಆಮೇಲೆ ಮೆಮೊರಿ ಕಾರ್ಡ್. ಮೊಬೈಲ್ ಅಂಗಡಿಗೆ ಹೋಗಿ ‘ಹಾಡು ತುಂಬಿಸಿಕೊಂಡು’ ಬರತಿದ್ದ ಕಾಲ ನಿಮಗೆ ನೆನಪಿರಬೇಕು. ಕ್ಯಾಸೆಟ್ಟಿನ ಕವರಿನ ಮ್ಯಾಲೆ ಹಾಡಿದವರ ಫೋಟೋ, ಹೆಸರು ಇರತಿತ್ತು. ಕಾರ್ಡಿಗೆ ಬಂದ ಮೇಲೆ ಹೆಸರು ಹೋಗಿ ‘ನ್ಯೂ ಜಾನಪದ 14’, ‘ಡಿಜೆ ಮಿಕ್ಸ್ 3’ ಅಂತ ಉಳೀತು. ಹಾಡಿದವರ ಹೆಸರು ನಮ್ಮ ಬಾಯಿಂದ ಜಾರಿದ್ದು ಅಲ್ಲಿಂದಲೇ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗ ಆದ ಮ್ಯಾಲೆ ಹಾಡು ನೇರವಾಗಿ ಫೋನಿಗೇ ಬಂತು.

ಮುಂಜಾನೆಗೆ: ರೋಣದವರು, ಗದಗಿನವರು

ಅಂಗಡಿ ತೆರೆಯುವ ಹೊತ್ತಿಗೆ ಏನು ಹಚ್ಚೋದು ಅಂದರೆ ನನ್ನ ಮೊದಲ ಆಯ್ಕೆ ಭೀಮಸೇನ ಜೋಶಿಯವರ ದಾಸರ ಪದಗಳು. ಇದನ್ನು ಇಂಡಿ ಅಂತ ಕರೆಯೋದು ಕಷ್ಟ, ಗೊತ್ತು. ಸಿನಿಮಾದ್ದಲ್ಲ, ನಮ್ಮದು, ಅಷ್ಟು ಸಾಕು. 1922ರ ಫೆಬ್ರವರಿ 4ರಂದು ಹುಟ್ಟಿದ್ದು ಈಗಿನ ನಮ್ಮ ಜಿಲ್ಲೆಯ ರೋಣದಲ್ಲಿ. ವರಮಹಾಲಕ್ಷ್ಮಿ ದಿನ ಅವರು ಹಾಡಿದ ಪುರಂದರದಾಸರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಹಚ್ಚದ ಅಂಗಡಿ ಕಡಿಮೆ. ಆದರೆ ಅಲ್ಲಿಗೇ ನಿಲ್ಲಬ್ಯಾಡ್ರಿ. ಅವರ ‘ದಾಸವಾಣಿ’ ಅಂತ ಹುಡುಕಿದರೆ ತಾಸುಗಟ್ಟಲೆ ಸಿಗತೈತಿ.

ಭೀಮಸೇನರ ಬಗ್ಗೆ ಸಂಗೀತಗಾರರು ಹೇಳುತ್ತ ಬಂದ ಒಂದು ಮಾತು ಅಂಗಡಿಕಾರರು ಕೇಳಲೇಬೇಕಾದ್ದು. ಹುಡುಗ ಇದ್ದಾಗ ಅವರು ಅಂಗಡಿಯೊಂದರಲ್ಲಿ ಹಾಕಿದ್ದ ಗ್ರಾಮೊಫೋನ್ ರೆಕಾರ್ಡಿನಲ್ಲಿ ಅಬ್ದುಲ್ ಕರೀಂ ಖಾನರ ಠುಮ್ರಿ ಕೇಳಿದರಂತೆ. ಹಂಗ ಹಾಡಬೇಕು ಅನ್ನೋ ಹುಚ್ಚು ಅಲ್ಲಿಂದ ಹಿಡೀತು. 11ನೇ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಊರೂರು ಅಲೆದು ಕಡೆಗೆ ಸಿಕ್ಕ ಗುರು ಇಲ್ಲೇ ಕುಂದಗೋಳದ ಸವಾಯಿ ಗಂಧರ್ವರು, ಅದೇ ಕರೀಂ ಖಾನರ ಶಿಷ್ಯ. ಆ ರೆಕಾರ್ಡ್ ಹಚ್ಚಿದ ಅಂಗಡಿಯವನಿಗೆ ತಾನೇನು ಮಾಡಿದೆ ಅಂತ ಗೊತ್ತೇ ಇರಲಿಕ್ಕಿಲ್ಲ. ನಿಮ್ಮ ಅಂಗಡಿ ಮುಂದೆ ಶಾಲೆಗೆ ಹೋಗೋ ಹುಡುಗರೂ ಹಾಡು ಕೇಳಿಕೊಂಡೇ ಹೋಗತಾವ.

ಎರಡನೇ ಹೆಸರು ಪಂಡಿತ ವೆಂಕಟೇಶಕುಮಾರ್. ಹುಟ್ಟಿದ್ದು ಬಳ್ಳಾರಿ ಸೀಮೆಯಲ್ಲಾದರೂ ಬೆಳೆದದ್ದು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ, ಪುಟ್ಟರಾಜ ಗವಾಯಿಗಳ ಕೈಕೆಳಗೆ. 2016ರಲ್ಲಿ ಪದ್ಮಶ್ರೀ ಬಂತು. ಅವರು ಹಾಡಿದ ವಚನಗಳು ಶ್ರಾವಣ ಸೋಮವಾರಕ್ಕೆ ಹೇಳಿ ಮಾಡಿಸಿದಂಗ ಅದಾವ. ದನಿ ತುಂಬು, ಆದರೆ ಗದ್ದಲ ಇಲ್ಲ. ಗಿರಾಕಿ ಜತೆ ವ್ಯಾಪಾರದ ಮಾತು ಆಡಲಿಕ್ಕೂ ಅಡ್ಡಿ ಆಗಂಗಿಲ್ಲ. ಪಂಚಾಕ್ಷರಿ ಗವಾಯಿಗಳಿಂದ ಶುರುವಾದ ಈ ಆಶ್ರಮ ಕಣ್ಣು ಕಾಣದ ಮಕ್ಕಳಿಗೆ, ಬಡ ಮಕ್ಕಳಿಗೆ ಊಟ, ವಸತಿ ಕೊಟ್ಟು ಸಂಗೀತ ಕಲಿಸುತ್ತ ಬಂದಿದೆ. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಇಬ್ಬರೂ ಅಲ್ಲಿ ಕಲಿತವರೇ. ಗದಗಿನವರು ನಾವು, ಮುಂಬೈನವರಿಗಿಂತ ಕಡಿಮೆ ಇವರನ್ನ ಕೇಳತೀವಿ ಅನ್ನೋದು ನನ್ನ ಬ್ಯಾಸರ.

ಮಳೆಗೆ: ಶರೀಫಜ್ಜನ ಒಂದೇ ಪದ, ಮೂರು ಥರ

ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯವರಿಗೆ ಶಿಶುನಾಳ ದೂರದ ಊರೇನಲ್ಲ. 1819ರಿಂದ 1889ರ ತನಕ ಬದುಕಿದ ಶರೀಫಜ್ಜನ ತತ್ವಪದಗಳು ನಮ್ಮ ಭಜನಾ ಮೇಳಗಳ ಬಾಯಲ್ಲಿ ಇವತ್ತಿಗೂ ಇವೆ. ಆದರೆ ಹೊಸ ಹುಡುಗರಿಗೆ ಶರೀಫರನ್ನ ಪರಿಚಯ ಮಾಡಿಕೊಟ್ಟಿದ್ದು ಬೆಂಗಳೂರಿನ ಒಂದು ಬ್ಯಾಂಡ್.

ರಘು ದೀಕ್ಷಿತ್ ಬೆಳೆದದ್ದು ಮೈಸೂರಿನಲ್ಲಿ. ಓದಿದ್ದು ಮೈಕ್ರೋಬಯಾಲಜಿ, ಕಲಿತದ್ದು ಭರತನಾಟ್ಯ, ಹಿಡಿದದ್ದು ಗಿಟಾರ್. ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿಕೊಂಡು ವೇದಿಕೆ ಹತ್ತುವ ಮನುಷ್ಯ. ವರ್ಷಗಟ್ಟಲೆ ಕಂಪನಿಗಳ ಬಾಗಿಲು ಬಡಿದರೂ ಯಾರೂ ಆಲ್ಬಮ್ ಮಾಡಲು ಒಪ್ಪಲಿಲ್ಲ. ಕಡೆಗೆ ಹಿಂದಿಯ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಮುಂಬೈಯಲ್ಲಿ ಇವರ ಹಾಡು ಕೇಳಿ, ತಮ್ಮದೇ ಸಣ್ಣ ಕಂಪನಿಯಿಂದ 2008ರಲ್ಲಿ ಮೊದಲ ಆಲ್ಬಮ್ ತಂದರು. ಅದರಲ್ಲಿ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಇದೆ, ‘ಸೋರುತಿಹುದು ಮನಿಯ ಮಾಳಿಗಿ’ ಇದೆ. 2010ರಲ್ಲಿ ಬ್ರಿಟನ್ನಿನ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಅಲ್ಲಿನ ಗ್ಲಾಸ್ಟನ್‌ಬರಿ ಉತ್ಸವ. ಅಲ್ಲೆಲ್ಲ ಹಾಡಿ ಬಂದರು.

ಈ ಮಳೆಗಾಲಕ್ಕೆ ನಾನು ಹೇಳೋದು ಮಾಳಿಗಿ ಸೋರೋ ಆ ಪದವನ್ನೇ. ಮಣ್ಣಿನ ಮಾಳಿಗಿ ಮನಿಯಲ್ಲಿ ಬೆಳೆದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮಳೆಗಾಲಕ್ಕ ಮೊದಲ ಮ್ಯಾಲೆ ಮಣ್ಣು ಹಾಕಿ ತುಳೀದಿದ್ರ ರಾತ್ರಿ ಹಾಸಿಗಿ ಸರಿಸೋದೇ ಕೆಲಸ. ಶರೀಫರು ಆ ಮನಿಯನ್ನ ದೇಹ ಮಾಡಿದರು, ಸೋರೋದನ್ನ ಅಜ್ಞಾನ ಮಾಡಿದರು. ಈಗ ಆರ್‌ಸಿಸಿ ಮನಿ ಬಂದಾವ, ಪದ ಹಳೇದಾಗಿಲ್ಲ. ಮೊದಲು ನಿಮ್ಮೂರ ಭಜನಾ ಮೇಳದವರ ಬಾಯಿಂದ ಕೇಳ್ರಿ. ಆಮೇಲೆ ಸಿ. ಅಶ್ವತ್ಥ್ ದನಿಯಲ್ಲಿ ಕೇಳ್ರಿ. 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾಕ್ಕೆ ಸಂಗೀತ ಕೊಟ್ಟವರು ಅವರೇ, ಶರೀಫರನ್ನ ಇಡೀ ಕರ್ನಾಟಕಕ್ಕೆ ಮುಟ್ಟಿಸಿದವರು ಅವರೇ. ಕಡೆಗೆ ರಘು ದೀಕ್ಷಿತ್. ಭಜನೆಯಲ್ಲಿ ಪದ ಎದುರಿಗೆ ಕುಂತು ಬುದ್ಧಿ ಹೇಳಿದಂಗ ಇರತೈತಿ, ಅಶ್ವತ್ಥ್ ಹಾಡಿದರೆ ಎತ್ತರದಿಂದ ಕೂಗಿ ಎಬ್ಬಿಸಿದಂಗ, ರಘು ಹಾಡಿದರೆ ಗೆಳೆಯ ಹೆಗಲ ಮ್ಯಾಲೆ ಕೈ ಹಾಕಿ ಹೇಳಿದಂಗ. ಯಾವುದು ಚಲೋ ಅಂತ ಕೇಳಿದರೆ ನಾನು ಭಜನಿ ಕಡೆಗೇ. ಗಿಟಾರಿನ ಹಾಡು ಕೆಲವರಿಗೆ ಶರೀಫಜ್ಜನಿಗೆ ಪ್ಯಾಂಟು ತೊಡಿಸಿದಂಗ ಅನಿಸಬಹುದು. ಆದರೆ ಅದನ್ನು ಕೇಳಿಯೇ ಶಿಶುನಾಳ ಎಲ್ಲೈತಿ ಅಂತ ಹುಡುಕಿಕೊಂಡು ಬಂದ ಹುಡುಗರೂ ಇದ್ದಾರೆ.

ಇದೇ ಸಾಲಿನಲ್ಲಿ ಧಾರವಾಡದ ಬಸವಲಿಂಗಯ್ಯ ಹಿರೇಮಠರನ್ನ ಮರೀಬಾರದು. ಶ್ರೀಕೃಷ್ಣ ಪಾರಿಜಾತ, ಜಾನಪದ ಹಾಡುಗಳನ್ನ ಊರೂರಿಗೆ ತಿರುಗಿ ಕಲೆಹಾಕಿ, ಕಲಿಸಿ, ಹಾಡಿದವರು. 2022ರ ಜನವರಿಯಲ್ಲಿ ತೀರಿಕೊಂಡರು. ಅವರ ಹಾಡುಗಳಲ್ಲಿ ನಮ್ಮ ಕಡೆಯ ಮಾತು ಹಂಗೇ ಉಳಿದೈತಿ, ಬೆಂಗಳೂರಿಗೆ ತಿಳೀಲಿ ಅಂತ ತಿದ್ದಿಲ್ಲ.

ಮಧ್ಯಾಹ್ನಕ್ಕೆ ಎರಡು ಬೇರೆ ಥರದವು

ರಘು ಅವರ ತಮ್ಮ ವಾಸು ದೀಕ್ಷಿತ್ ಮುಂದೆ ನಿಂತು ಹಾಡುವ ‘ಸ್ವರಾತ್ಮ’ ಬ್ಯಾಂಡ್ ಸಹ ಬೆಂಗಳೂರಿನದೇ. 2009, 2012, 2018ರಲ್ಲಿ ಮೂರು ಆಲ್ಬಮ್ ಬಂದಿವೆ. 2012ರದ್ದಕ್ಕೆ ‘ಟೋಪಿವಾಲೆ’ ಅಂತ ಹೆಸರು. ರಾಜಕಾರಣಿಗಳು ಟೋಪಿ ಹಾಕೋ ಬಗ್ಗೆ. ಹಿಂದಿ, ಕನ್ನಡ ಎರಡೂ ಕಲಸಿ ಹಾಡತಾರ. ಖುಷಿ ಕೊಡತಾವ, ಆದರೆ ಹಿಂದಿ ಜಾಸ್ತಿ ಅಂತ ನಮ್ಮವರಿಗೆ ಅನಿಸಬಹುದು.

ನನಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು ಶಿಲ್ಪಾ ಮುಡಬಿ ಅವರ ಹಾಡುಗಾರಿಕೆ. ಕಲಬುರಗಿ ಕಡೆಯ ಮನೆತನ. ‘ಅರ್ಬನ್ ಫೋಕ್ ಪ್ರಾಜೆಕ್ಟ್’ ಹೆಸರಿನಲ್ಲಿ ಜೋಗತಿಯರಿಂದ ಯಲ್ಲಮ್ಮನ ಪದಗಳನ್ನ ಕಲಿತು, ಚೌಡಿಕೆ ನುಡಿಸಿಕೊಂಡು ಹಾಡತಾರ. ಸವದತ್ತಿ ಗುಡ್ಡಕ್ಕೆ ಹೋಗಿ ಬಂದವರಿಗೆ ಚೌಡಿಕೆಯ ಆ ‘ಟುಂವ್ ಟುಂವ್’ ಸದ್ದು ಗೊತ್ತೇ ಇರತೈತಿ. ಅದನ್ನ ಭಿಕ್ಷೆಯ ಹಾಡು ಅಂತ ಕಿವಿ ಮುಚ್ಚಿಕೊಂಡು ದಾಟಿ ಬಂದವರು ನಾವೇ. ಅದೇ ಜೋಗತಿ ಪರಂಪರೆಯ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಈ ಹಾಡುಗಳು ಗದ್ದಲದ ಅಂಗಡಿಗೆ ಹೊಂದಂಗಿಲ್ಲ. ಮಧ್ಯಾಹ್ನ ಗಿರಾಕಿ ಕಡಿಮೆ ಇದ್ದಾಗ, ಗಲ್ಲೆ ಮುಂದೆ ಒಬ್ಬರೇ ಕುಂತಾಗ ಕೇಳ್ರಿ.

ಕಾಲೇಜು ಹುಡುಗರು ಬರೋ ಅಂಗಡಿಯಾದರೆ ಕನ್ನಡ ರ‍್ಯಾಪ್ ಸಹ ಐತಿ. ‘ಆಲ್ ಓಕೆ’ ಅನ್ನೋ ಹೆಸರಿನಲ್ಲಿ ಹಾಡೋ ಅಲೋಕ್ ಅವರ ‘ಹ್ಯಾಪಿ’ ಮನೆಮಂದಿ ಮುಂದೆ ಹಚ್ಚಬಹುದಾದ ಹಾಡು. ಚಂದನ್ ಶೆಟ್ಟಿಯವರ ‘ಮೂರೇ ಮೂರು ಪೆಗ್ಗು’ ಶ್ರಾವಣದಾಗ ಬ್ಯಾಡ. ಅಷ್ಟು ಸಾಕು ಇದರ ಬಗ್ಗೆ.

ಹೊಸಬರು: ಕುರಿ ಕಾಯೋ ಹುಡುಗನಿಂದ ಡ್ರೈವರ್ ಹಾಡಿನ ತನಕ

ಪಕ್ಕದ ಹಾವೇರಿ ಜಿಲ್ಲೆಯ ಹನುಮಂತ ಲಮಾಣಿ ಕುರಿ ಕಾಯುತ್ತ ಹಾಡತಿದ್ದ ಹುಡುಗ. ಸರಿಗಮಪ ವೇದಿಕೆಯಲ್ಲಿ ಲುಂಗಿ, ಹೆಗಲ ಮ್ಯಾಲಿನ ಟವೆಲ್ಲಿನಲ್ಲೇ ನಿಂತು 2019ರಲ್ಲಿ ಎರಡನೇ ಸ್ಥಾನ ಪಡೆದ, 2025ರ ಜನವರಿಯಲ್ಲಿ ಬಿಗ್ ಬಾಸ್ ಗೆದ್ದ. ಅವನ ಜಾನಪದ, ತತ್ವಪದ ಎರಡೂ ಚಂದ. ಬಾಳು ಬೆಳಗುಂದಿ ಸಹ ಯೂಟ್ಯೂಬ್ ಜಾನಪದದಿಂದಲೇ ಹೆಸರು ಮಾಡಿ ಆಮೇಲೆ ಸರಿಗಮಪಕ್ಕೆ ಹೋದವರು. ತಮ್ಮ ಹಾಡು ತಾವೇ ಕಟ್ಟತಾರ. ಮಾಳು ನಿಪನಾಳ ಅವರ ‘ನಾ ಡ್ರೈವರ’ ಅಂತೂ ಕೇಳದವರೇ ಇಲ್ಲ. ಮದುವಿ ಮೆರವಣಿಗೆಯಿಂದ ಹಿಡಿದು ಬೆಂಗಳೂರಿನ ಕಾಲೇಜು ಫಂಕ್ಷನ್ ತನಕ ಅದೇ. ಅದೇ ಹಾಡಿನ ಹೆಸರಿನಿಂದ ಅವರು 2025ರ ಬಿಗ್ ಬಾಸ್ 12ನೇ ಸೀಸನ್ನಿಗೂ ಹೋದರು.

ಈ ಹಾಡುಗಳಲ್ಲಿ ನನಗೆ ಹಿಡಿಸೋದು ಅವುಗಳ ಕಸುಬು. ಡ್ರೈವರ್, ಗೌಂಡಿ, ಕುರಿಗಾಹಿ, ಕಬ್ಬು ಕಡಿಯೋರು, ಗೋವಾಕ್ಕ ದುಡಿಯಾಕ ಹೋದೋರು ಇವರೇ ಈ ಹಾಡುಗಳ ನಾಯಕರು. ಸಿನಿಮಾದಾಗ ಇವರು ಹೀರೋನ ಹಿಂದೆ ಕುಣಿಯೋರು. ಆದರೆ ಎಲ್ಲವೂ ಚಲೋ ಅಂತ ನಾನು ಹೇಳಂಗಿಲ್ಲ. ಇದೇ ಹೆಸರಿನಾಗ ಡಬಲ್ ಮೀನಿಂಗ್ ಹಾಡು ರಾಶಿ ರಾಶಿ ಬರತಾವ. ಹೆಣ್ಣುಮಕ್ಕಳು ಸೀರಿ ನೋಡಾಕ ಬಂದಾಗ ಅಂಥ ಹಾಡು ಬಂದರೆ ಅವರು ತಲಿ ತಗ್ಗಿಸಿ ಎದ್ದು ಹೋಗತಾರ, ಮತ್ತೆ ಆ ಅಂಗಡಿಗೆ ಬರಂಗಿಲ್ಲ. ಒಂದು ಜಾತಿಯನ್ನ ಹೊಗಳಿ ಇನ್ನೊಬ್ಬರನ್ನ ಕೆಣಕೋ ಹಾಡೂ ಅದಾವ; ಮೆರವಣಿಗೆಯಲ್ಲಿ ಅಂಥ ಹಾಡು ಹಚ್ಚಿದರೆ ಜಗಳ ಆಗೋದು ನಮಗೆ ಗೊತ್ತಿರೋದೇ. ಪೂರ್ತಿ ಒಮ್ಮೆ ಕೇಳಿ ಆಮೇಲೆ ಪಟ್ಟಿಗೆ ಸೇರಿಸ್ರಿ. ಆಟೋ ಪ್ಲೇ ಬಂದ್ ಮಾಡ್ರಿ. ಈ ಒಂದು ಗುಂಡಿ ಒತ್ತಿದರೆ ಅರ್ಧ ತಲಿನೋವು ಹೋಗತೈತಿ.

ನೀವು ಕೇಳಿದ್ದಕ್ಕೆ ಅವರಿಗೇನು ಸಿಗತೈತಿ?

ಬಹಳ ಮಂದಿಗೆ ಇರೋ ತಪ್ಪು ತಿಳಿವಳಿಕೆ ಅಂದರೆ, ಯೂಟ್ಯೂಬಿಗೆ ಹಾಕಿದ ಕೂಡಲೇ ದುಡ್ಡು ಸುರೀತೈತಿ ಅನ್ನೋದು. ಹಂಗಿಲ್ಲ. ಜಾಹೀರಾತಿನ ಪಾಲು ಬರಬೇಕಂದ್ರ ಆ ಚಾನೆಲ್ಲಿಗೆ ಕನಿಷ್ಠ 1,000 ಚಂದಾದಾರರು ಇರಬೇಕು, ಹಿಂದಿನ 12 ತಿಂಗಳಲ್ಲಿ ಜನ 4,000 ತಾಸು ನೋಡಿರಬೇಕು. ಶಾರ್ಟ್ಸ್ ಆದರೆ 90 ದಿನದಲ್ಲಿ 1 ಕೋಟಿ ವೀಕ್ಷಣೆ. ಅದಾದ ಮೇಲೆ ಉದ್ದನೆಯ ವಿಡಿಯೋದ ಜಾಹೀರಾತು ಆದಾಯದಲ್ಲಿ ಚಾನೆಲ್ಲಿನವರಿಗೆ 55 ಪಾಲು, ಯೂಟ್ಯೂಬಿಗೆ 45. ಸ್ಪಾಟಿಫೈನಲ್ಲಿ 2024ರಿಂದ ಒಂದು ಹಾಡು 12 ತಿಂಗಳಲ್ಲಿ 1,000 ಸಲವಾದರೂ ಕೇಳಿಸಿಕೊಳ್ಳದಿದ್ದರೆ ಅದರ ರೆಕಾರ್ಡಿಂಗಿಗೆ ರಾಯಲ್ಟಿಯೇ ಇಲ್ಲ.

ಇಲ್ಲಿ ನೋಡಬೇಕಾದ್ದು ‘ಚಾನೆಲ್ಲಿನವರಿಗೆ’ ಅನ್ನೋ ಶಬ್ದ. ಹಾಡಿದವನ ಚಾನೆಲ್ ಬೇರೆ, ನೀವು ಕೇಳೋ ಚಾನೆಲ್ ಬೇರೆ ಇದ್ದರೆ ದುಡ್ಡು ಹೋಗೋದು ಎರಡನೆಯವನಿಗೆ. ಅದೇ ಹಾಡನ್ನ ಇಳಿಸಿಕೊಂಡು, ಬೇಸ್ ಏರಿಸಿ, ‘ಡಿಜೆ ಮಿಕ್ಸ್’ ಅಂತ ಹಾಕೋರು ಬಹಳ ಅದಾರ. ಇಂಥದ್ದನ್ನ ತಾನೇ ಹುಡುಕಿ ಹಿಡಿಯೋ ಕಂಟೆಂಟ್ ಐಡಿ ಅನ್ನೋ ವ್ಯವಸ್ಥೆ ಯೂಟ್ಯೂಬಿನಲ್ಲಿ ಐತಿ, ಆದರೆ ಅದು ಸಿಗೋದು ದೊಡ್ಡ ಕಂಪನಿಗಳಿಗೆ. ಸಣ್ಣವರು ಒಂದೊಂದಕ್ಕೂ ಬೇರೆ ಬೇರೆ ದೂರು ಬರೀಬೇಕು. ಹಿಂಗಾಗಿ ಹಾಡು ಹುಡುಕುವಾಗ ಹಾಡಿದವರ ಹೆಸರು ಹಾಕಿ ಅವರದೇ ಚಾನೆಲ್ಲಿಗೆ ಹೋಗ್ರಿ. ಹೊಸದು ಬೇಕಂದ್ರ ಅಲ್ಲೇ ‘ಇತ್ತೀಚಿನವು’ ಅಂತ ಒತ್ತಿದರೆ ಮೊನ್ನೆ ಹಾಕಿದ್ದು ಮೊದಲು ಕಾಣತೈತಿ.

ಹಾಡು ಬರೆಯೋ, ಹಾಡೋ ನಮ್ಮ ಊರ ಹುಡುಗರಿಗೂ ಒಂದು ಮಾತು. ಸ್ಟುಡಿಯೋದವರೋ ಚಾನೆಲ್ಲಿನವರೋ ಒಂದಿಷ್ಟು ಸಾವಿರ ಕೈಗಿಟ್ಟು ಹಾಡು ತಗೋತಾರ, ಎರಡು ವರ್ಷದ ಮ್ಯಾಲೆ ಅದು ಕೋಟಿ ವೀಕ್ಷಣೆ ಆದಾಗ ಬರೆದವನ ಹತ್ತಿರ ಒಂದು ಚೀಟಿಯೂ ಇರಂಗಿಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ಬಿಟ್ಟುಕೊಡೋದು ಬರವಣಿಗೆಯಲ್ಲೇ, ಸಹಿ ಮಾಡಿಯೇ ಆಗಬೇಕು. ಬಾಯಿಮಾತು ನಡೆಯಂಗಿಲ್ಲ. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಕಾನೂನು ಅದನ್ನ 5 ವರ್ಷ ಅಂತ ಹಿಡೀತೈತಿ. 2012ರ ತಿದ್ದುಪಡಿ ಆದ ಮ್ಯಾಲೆ, ಹಾಡು ಬರೆದವರು ಮತ್ತು ರಾಗ ಹಾಕಿದವರು ಹಕ್ಕು ಮಾರಿದರೂ ರಾಯಲ್ಟಿಯ ಸಮಪಾಲು ಕೇಳೋ ಅಧಿಕಾರ ಬಿಟ್ಟುಕೊಡುವಂಗಿಲ್ಲ; ಬಿಟ್ಟೆ ಅಂತ ಬರೆಸಿಕೊಂಡರೂ ಅದು ಊರ್ಜಿತ ಅಲ್ಲ. ಸಹಿ ಮಾಡೋ ಮೊದಲು ಕಾಗದದ ಒಂದು ಫೋಟೋ ತೆಗೆದಿಟ್ಟುಕೊಳ್ರಿ, ಸಾಧ್ಯ ಆದರೆ ವಕೀಲರಿಗೆ ತೋರಿಸ್ರಿ.

ಹಳೆಯ ಪದಗಳನ್ನ ಹಾಡುವವರಿಗೆ ಇನ್ನೊಂದು ಗೊಂದಲ. ಶರೀಫರ ಪದ ಹಾಡಿದರೆ ಯಾರ ಅಪ್ಪಣೆ ಬೇಕು? ಯಾರದ್ದೂ ಬ್ಯಾಡ. ಬರೆದವರು ತೀರಿಕೊಂಡ 60 ವರ್ಷದ ತನಕ ಮಾತ್ರ ಕಾಪಿರೈಟ್. ಶರೀಫರು ತೀರಿಕೊಂಡು 130 ವರ್ಷದ ಮ್ಯಾಲಾತು. ಆದರೆ ರಘು ದೀಕ್ಷಿತ್ ಹಾಕಿದ ರಾಗ, ಮಾಡಿದ ರೆಕಾರ್ಡಿಂಗ್ ಅವರದ್ದು. ಪದ ಊರಿನದು, ಆ ರೆಕಾರ್ಡು ಅವರದು. ಬೇಂದ್ರೆಯವರ ಕವಿತೆ ಬೇರೆ ಮಾತು: ಅವರು 1981ರಲ್ಲಿ ತೀರಿಕೊಂಡರು, ಹಂಗಾಗಿ 2041 ಮುಗಿಯೋ ತನಕ ಹಕ್ಕು ಇರತೈತಿ.

ಅಂಗಡಿಕಾರರಿಗೆ ಎರಡು ಮಾತು

ಮನಿಯಾಗ ಹಾಡು ಕೇಳೋದು ಬೇರೆ, ಅಂಗಡ್ಯಾಗ ಗಿರಾಕಿಗಳಿಗೆ ಕೇಳಿಸೋದು ಬೇರೆ. ಎರಡನೆಯದಕ್ಕೆ ಕಾನೂನು ‘ಸಾರ್ವಜನಿಕರಿಗೆ ತಲುಪಿಸೋದು’ ಅನ್ನತೈತಿ, ಅದಕ್ಕೆ ಹಕ್ಕುದಾರರ ಲೈಸೆನ್ಸ್ ಬೇಕು. ಹಾಡಿನ ಸಾಹಿತ್ಯ, ರಾಗದ ಪರವಾಗಿ ಐಪಿಆರ್‌ಎಸ್ ಅನ್ನೋ ಸಂಸ್ಥೆ, ರೆಕಾರ್ಡಿಂಗಿನ ಪರವಾಗಿ ಪಿಪಿಎಲ್ ಮುಂತಾದವು ಈ ಲೈಸೆನ್ಸ್ ಕೊಡತಾವ. ‘ನಾನು ಯೂಟ್ಯೂಬ್ ಪ್ರೀಮಿಯಂ ದುಡ್ಡು ಕಟ್ಟೀನಿ’ ಅಂದರೆ ಸಾಲಂಗಿಲ್ಲ, ಅದು ನಿಮ್ಮ ಸ್ವಂತಕ್ಕೆ ಕೊಟ್ಟದ್ದು. ಲಾಡ್ಜ್, ದೊಡ್ಡ ಹೋಟೆಲ್, ಕಲ್ಯಾಣ ಮಂಟಪ, ಬಟ್ಟೆ ಶೋರೂಮ್ ನಡೆಸೋರು ಇದನ್ನ ವಿಚಾರಿಸಿಕೊಂಡು ಇರೋದು ಚಲೋ.

ಆದರೆ ಪೂಜೆ, ಹಬ್ಬ, ಮದುವಿಗೆ ಹೆದರಬೇಕಿಲ್ಲ. ಅದೇ ಕಾಯ್ದೆಯ 52ನೇ ಕಲಮಿನಲ್ಲಿ ಧಾರ್ಮಿಕ ಸಮಾರಂಭ, ಮದುವೆ ಮೆರವಣಿಗೆ, ಮದುವೆಗೆ ಸಂಬಂಧಪಟ್ಟ ಕಾರ್ಯಕ್ರಮ ಮತ್ತು ಸರಕಾರಿ ಸಮಾರಂಭಕ್ಕೆ ವಿನಾಯಿತಿ ಕೊಟ್ಟಾರ. ಗಣಪತಿ ಕೂರಿಸಿದ ಜಾಗದಾಗ ಪೂಜೆ ವ್ಯಾಳ್ಯಾದಾಗ ಹಾಡು ಹಚ್ಚಿದರೆ ಅದು ಈ ವಿನಾಯಿತಿಗೆ ಬರತೈತಿ. ಗಣಪತಿ ಹೆಸರಿನಾಗ ಟಿಕೆಟ್ ಇಟ್ಟು ಮಾಡೋ ರಸಮಂಜರಿಗೂ ಅದೇ ವಿನಾಯಿತಿ ಅಂತ ತಿಳಕೋಬ್ಯಾಡ್ರಿ.

ಎರಡನೇದು ಸಪ್ಪಳ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ ಮುಂಜಾನೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂಗಿಲ್ಲ. ಹಬ್ಬಹರಿದಿನಕ್ಕೆ ರಾಜ್ಯ ಸರಕಾರ ವರ್ಷದಾಗ 15 ದಿನ ಮೀರದಂತೆ ರಾತ್ರಿ 12ರ ತನಕ ಸಡಿಲಿಸಬಹುದು. ಹಗಲಿನಲ್ಲೂ ಅಂಗಡಿ ಸಾಲಿನಲ್ಲಿ 65 ಡೆಸಿಬೆಲ್, ಮನೆಗಳಿರೋ ಕಡೆ 55 ಮಿತಿ. 65 ಅಂದರೆ ಎಷ್ಟು ಅಂತ ತಿಳೀಬೇಕಾದರೆ ಫೋನಿಗೆ ಸಪ್ಪಳ ಅಳೆಯೋ ಆ್ಯಪ್ ಪುಗಸಟ್ಟೆ ಸಿಗತೈತಿ. ಪಕ್ಕಾ ಅಲ್ಲದಿದ್ದರೂ ಅಂದಾಜಿಗೆ ಸಾಕು. ಸುಲಭದ ಲೆಕ್ಕ ಬೇಕಂದ್ರ, ಗಲ್ಲೆ ಮುಂದೆ ನಿಂತ ಗಿರಾಕಿ ದನಿ ಏರಿಸದೇ ರೇಟು ಕೇಳುವಂಗ ಇರಬೇಕು.

ಇನ್ನು ಪಟ್ಟಿಯಲ್ಲಿ ಉಳಿದದ್ದು ಒಂದೇ, ಅದು ಯಾವ ಆ್ಯಪಿನಲ್ಲೂ ಇಲ್ಲ. ಶ್ರಾವಣದ ಭಜನೆ ಕಡೇ ಸೋಮವಾರ ಮಂಗಳ ಆಗತೈತಿ. ಮೊಹರಮ್ಮಿನ ರಿವಾಯತ್ ಪದ, ರಾಶಿ ಮಾಡುವಾಗಿನ ಹಂತಿ ಪದ, ಪಂಚಮಿ ಜೋಕಾಲಿ ಪದ ಗೊತ್ತಿರೋ ಹಿರೇರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಅವರನ್ನ ಕೇಳಿ, ಒಪ್ಪಿದರೆ ಫೋನಿನಲ್ಲಿ ಹಾಡು ಹಿಡಿದಿಡ್ರಿ. ಫೋನನ್ನ ತಾಳದವರಿಂದ ದೂರ, ಹಾಡೋರ ಎದುರಿಗೆ ನಾಲ್ಕು ಮೊಳ ಅಂತರದಾಗ ಇಟ್ಟು, ಏರೋಪ್ಲೇನ್ ಮೋಡಿಗೆ ಹಾಕ್ರಿ. ನಡುವೆ ಕಾಲ್ ಬಂದರೆ ರೆಕಾರ್ಡಿಂಗ್ ಕೆಡತೈತಿ. ಫೈಲಿನ ಹೆಸರಿನಲ್ಲಿ ಹಾಡಿದವರ ಹೆಸರು, ಊರು, ತಾರೀಖು ಬರೀರಿ. ಯೂಟ್ಯೂಬಿಗೆ ಹಾಕೋದಾದರೆ ಅವರನ್ನ ಇನ್ನೊಮ್ಮೆ ಕೇಳಿ ಹಾಕ್ರಿ, ತಬಲಾ, ಪೇಟಿ ನುಡಿಸಿದವರ ಹೆಸರನ್ನೂ ಸೇರಿಸ್ರಿ.